ಏಕಾದಶಿಯ ಕೊಂಬು

"ಊದು ಕಾಕಾ," ಎಂದರು ಹೊಸ ರಾಜರು, ಕುದುರೆಯಿಂದ ಇಳಿಯದೆಯೇ. "ಕಾಡೆಲ್ಲ ಜಾಲಾಡೋ ಕಷ್ಟ ಯಾಕೆ? ನಿನ್ನ ಕೊಂಬಿನ ಸದ್ದು ಕೇಳಿದ್ರೆ ಜಿಂಕೆಗಳು ತಾವಾಗೇ ಬರ್ತಾವಲ್ಲ."

ಹಾರಾಧನ ಸೊಂಟದ ಕೊಂಬಿನ ಮೇಲೆ ಕೈಯಿಟ್ಟುಕೊಂಡು ನಿಂತ. ಹಿಂದೆ ಸಾಲವೃಕ್ಷಗಳ ಮರೆಯಲ್ಲಿ ಹದಿನೈದು ಮಂದಿ ಬಿಲ್ಲುಗಾರರು. ಎದುರಿನ ಕೆಮ್ಮಣ್ಣಿನ ಬಯಲಲ್ಲಿ ಉಪ್ಪಿನ ಕಲ್ಲು. ಇಪ್ಪತ್ತೆಂಟು ವರ್ಷಗಳಿಂದ ಪ್ರತಿ ಏಕಾದಶಿಗೂ ಅವನು ಆ ಕಲ್ಲಿನ ಮೇಲೆ ಉಪ್ಪು ಹರಡಿ, ಕೊಂಬು ಊದಿ ಜಿಂಕೆಗಳನ್ನು ಕರೆಯುತ್ತಿದ್ದ.

ಅದಕ್ಕೂ ಮೊದಲು ಇದೇ ಕೊಂಬಿಗೆ ಕಾಡೇ ಬೆಚ್ಚಿಬೀಳುತ್ತಿತ್ತು. ಈ ರಾಜರ ತಂದೆ ದೊಡ್ಡ ರಾಜರ ಬೇಟೆಯೆಂದರೆ ಬೇಟೆ! ಸಾಸಿವೆ ಎಣ್ಣೆಯಲ್ಲಿ ಬೇಯುವ ಕಾಡುಹಂದಿಯ ಘಮ ನೆನೆದರೆ, ಸುಳ್ಳೇಕೆ, ಹಾರಾಧನನ ಬಾಯಲ್ಲಿ ಈಗಲೂ ನೀರೂರುತ್ತದೆ. ಆಮೇಲೆ ವೃಂದಾವನದ ಕಡೆಯಿಂದ ವೈಷ್ಣವ ಗುರು ಮಾಧವ ಗೋಸಾಯಿ ಬಂದರು. ಮಳೆಗಾಲ ಪೂರ್ತಿ ಅರಮನೆಯಲ್ಲಿ ಪುರಾಣ ಹೇಳಿದರು. ಮಳೆ ನಿಲ್ಲುವುದರೊಳಗೆ ರಾಜರ ಕೊರಳಿಗೆ ತುಳಸಿಮಾಲೆ ಬಿತ್ತು, ಬೇಟೆ ನಿಂತಿತು.

ಹಾರಾಧನ ಅಂದು ಕೊಂಬನ್ನು ಗೋಸಾಯಿಗಳ ಮುಂದೆ ಕುಕ್ಕಿದ್ದ. "ರಾಜರಿಗೇನೋ ಮೋಕ್ಷ ಸಿಕ್ತು. ನನ್ನ ಗತಿ? ಊದೋದು ಬಿಟ್ರೆ ನನಗೆ ಬೇರೆ ಕಸುಬು ಗೊತ್ತಿಲ್ಲ ಸ್ವಾಮಿ."

ಗೋಸಾಯಿ ನಕ್ಕಿದ್ದರು. "ಬಿಡು ಅಂದೋರ್ಯಾರಪ್ಪ? ಇಷ್ಟು ದಿನ ಓಡಿಸೋಕೆ ಊದಿದೆ, ಇನ್ಮೇಲೆ ಕರೆಯೋಕೆ ಊದು."

ಮೊದಲ ಏಕಾದಶಿಗೆ ದೊಡ್ಡ ರಾಜರು ತಾವೇ ಉಪ್ಪಿನ ಬುಟ್ಟಿ ಹೊತ್ತು ಬರಿಗಾಲಲ್ಲಿ ಬಂದಿದ್ದರು. ಉಪ್ಪು ಬೆವರಿನ ಜೊತೆ ಕಣ್ಣಿಗಿಳಿದಾಗ "ಗುರುಗಳೇ, ಉರೀತದೆ!" ಎಂದು ಮಗುವಿನಂತೆ ಕೂಗಿದ್ದರು. ಗುರು, ಶಿಷ್ಯ, ಬೇಟೆಗಾರ ಮೂವರೂ ನೆಲದ ಮೇಲೆ ಕೂತು ಸಂಜೆಯವರೆಗೆ ಕಾದರು. ಒಂದು ಜಿಂಕೆಯೂ ಬರಲಿಲ್ಲ. ಆ ಕೊಂಬನ್ನು ನಂಬಲು ಅವಕ್ಕೆ ಮೂರು ವರ್ಷ ಹಿಡಿಯಿತು. ಎಂಥ ದಿನಗಳು ಅವು! ಈಗ ಗೋಸಾಯಿಗಳಿಲ್ಲ, ದೊಡ್ಡ ರಾಜರು ಹೋಗಿಯೂ ಎರಡು ತಿಂಗಳಾಯಿತು.

"ಏನ್ ಕಾಕಾ, ನಿಂತಲ್ಲೇ ನಿದ್ದೆಯಾ?" ಸರದಾರ ಬಲಾಯಿ ಕೆಣಕಿದ. "ಈ ಕೊಂಬು ಊದೋಕೆ ನನ್ನ ಬಿಟ್ರೆ ಗಂಡಸಿಲ್ಲ ಅಂತ ಮೀಸೆ ತಿರುವ್ತಿದ್ದೆಯಲ್ಲ!"

ಅದು ಸುಳ್ಳಲ್ಲ. ಹಾರಾಧನ ಹಾಗೆ ಜಂಬ ಕೊಚ್ಚಿಕೊಳ್ಳದ ಹಟ್ಟಿಯೇ ಆ ಸೀಮೆಯಲ್ಲಿರಲಿಲ್ಲ.

ಅವನು ಕೊಂಬನ್ನು ತುಟಿಗಿಟ್ಟ. ಕೆನ್ನೆ ಉಬ್ಬಿಸಿದ. ಫುಸ್ ಎಂದು ಬರೀ ಗಾಳಿ ಹೊರಟಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಕೆಮ್ಮಿ ಬಗ್ಗಿಬಿಟ್ಟ.

"ಕಾಕಾನ ಸದ್ದೆಲ್ಲ ಈಗ ಹಿಂದಿನ ಬಾಗಿಲಿಂದ್ಲೇ!" ಎಂದ ಬಲಾಯಿ. ಬಿಲ್ಲುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾರಾಧನನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

"ಉಸಿರಿಲ್ಲ ಮಹಾರಾಜ. ಮುದುಕನಾದೆ."

"ಹೋದ ಏಕಾದಶಿಗೆ ಅರಮನೆವರೆಗೂ ಕೇಳಿಸ್ತಲ್ಲ?"

"ಅದೇ ಕೊನೇದು, ಮಹಾರಾಜ."

ರಾಜರು ಅವನನ್ನೇ ನೋಡಿದರು. ಐದು ವರ್ಷದ ಹುಡುಗನಾಗಿದ್ದಾಗ ಇದೇ ಕಲ್ಲಿನ ಬಳಿ, ಹಾರಾಧನನ ಹೆಗಲ ಮೇಲೆ ಕೂತು ಕೈಚಾಚಿ ಜಿಂಕೆಗೆ ಉಪ್ಪು ನೆಕ್ಕಿಸಿದವರು. ಆಮೇಲೆ ಲಗಾಮು ಎಳೆದರು. "ನಡೀರಿ. ಉತ್ತರದ ಕಡೆ ಹಂದಿ ಇದ್ಯಂತೆ."

ಮುಂದಿನ ಏಕಾದಶಿಗೆ ಹಾರಾಧನ ಎಂದಿನಂತೆ ಉಪ್ಪು ಹರಡಿ, ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇನ್ನು ಈ ಜನ್ಮದಲ್ಲಿ ಅದನ್ನು ಊದುವಂತಿಲ್ಲ. ಊದಿದರೆ ಅರಮನೆಗೆ ಕೇಳಿಸುತ್ತದೆ. ಎದೆಯಲ್ಲಿ ಉಸಿರು ಬೇಕಾದಷ್ಟಿತ್ತು. ಅದಕ್ಕೇ ಅಳು ಬಂತು. ಹೊತ್ತು ಮುಳುಗಿದರೂ ಪೊದೆ ಅಲುಗಲಿಲ್ಲ.

ಬೆಳಗ್ಗೆ ಮನಸ್ಸು ತಡೆಯದೆ ಮತ್ತೆ ಬಂದ. ಚೈತ್ರದ ಬಿಸಿಲಿಗೆ ಸುತ್ತಲಿನ ಹುಲ್ಲು ಒಣಗಿ ಗರಿಗರಿಯಾಗಿತ್ತು. ಕಲ್ಲಿನ ಮೇಲೆ ಒಂದು ಹರಳು ಉಪ್ಪೂ ಉಳಿದಿರಲಿಲ್ಲ. ಅಂಗೈ ಊರಿ ನೋಡಿದ. ಕಲ್ಲು ಇನ್ನೂ ಒದ್ದೆಯಾಗಿತ್ತು.