ಪುಟ್ಟತಾಯಮ್ಮನ ಮುಖ

ಜಯಲಕ್ಷ್ಮಿಪುರಂನ ಚಿತ್ರಕಾರ ವೃಷಭೇಂದ್ರಪ್ಪನವರ ಸ್ಟುಡಿಯೊ ಎಂದರೆ ಆಟೋದವರಿಗೂ ಗೊತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ನಾಲ್ವರಲ್ಲಿ ಇಲವಾಲದ ಕುಸುಮಳೇ ಹಳಬಳು. ೧೯೯೨ರಲ್ಲಿ ಬಣ್ಣ ಅರೆಯಲು ಸೇರಿದವಳಿಗೆ ಅವರೇ ಕೈಹಿಡಿದು ರೇಖೆ ಕಲಿಸಿದ್ದರು. ಐದಾರು ವರ್ಷಗಳಲ್ಲಿ ಅವರ ಬಲಗೈ ನಡುಗತೊಡಗಿತು. ಆಮೇಲಿನ ಚಿತ್ರಗಳಲ್ಲಿ ಮುಖಗಳೆಲ್ಲ ಕುಸುಮ ಬರೆದವು, ರುಜು ಅವರದು. ಈ ಮಾತು ಹೊರಗೆ ಬಿದ್ದಿರಲಿಲ್ಲ. ಅವಳಿಗೂ ಅದು ಅನ್ಯಾಯ ಅನ್ನಿಸಿರಲಿಲ್ಲ.

೨೦೦೧ರಲ್ಲಿ, ಸೊಪ್ಪು ಸೋಸುತ್ತ ಕೂತ ಹೆಂಗಸಿನ ದೊಡ್ಡ ಚಿತ್ರವೊಂದು ಶುರುವಾಯಿತು.

"ಮುಖ ನಿನಗೆ ಬಿಟ್ಟಿದ್ದು" ಎಂದರು ವೃಷಭೇಂದ್ರಪ್ಪ.

ಕುಸುಮಳ ತಾಯಿ ಪುಟ್ಟತಾಯಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ. ಕುಸುಮ ಯಾರಿಗೂ ಹೇಳದೆ ಆ ಮುಖವನ್ನೇ ಬರೆದಳು, ಹುಬ್ಬಿನ ಮೇಲಿನ ಕುಡುಗೋಲಿನ ಗಾಯದ ಸಮೇತ.

ಚಿತ್ರಕ್ಕೆ ಪ್ರಶಸ್ತಿ ಬಂತು. ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯಲ್ಲಿ ಕುಸುಮ ವೃಷಭೇಂದ್ರಪ್ಪನವರ ಸಂದರ್ಶನ ಓದಿದಳು: 'ಇದು ನನ್ನ ತಾಯಿಯ ಮುಖ. ನೆನಪಿನಿಂದಲೇ ಬರೆದೆ.'

ಸ್ಟುಡಿಯೊಗೆ ಹೋದವಳು ಹೆಗಲ ಚೀಲ ಕೆಳಗಿಡಲಿಲ್ಲ.

"ಸಾರ್, ಅದು ನಮ್ಮವ್ವ."

ಅವರು ಕನ್ನಡಕ ತೆಗೆದಿಟ್ಟರು. "ನನಗೆ ಮೂರು ವರ್ಷ ಇದ್ದಾಗ್ಲೇ ಅಮ್ಮ ಹೋಗ್ಬುಟ್ರು ಕಣಮ್ಮ. ಮುಖಾನೇ ನೆನಪಿಲ್ಲ. ನೀನು ಬರೆದಿದ್ದು ನೋಡಿ, ಹಿಂಗೇ ಇದ್ದಿರಬೇಕು ಅನ್ನಿಸ್ತು. ಪೇಪರ್‌ನವ್ರು ಕೇಳಿದ್ರು, ಹೇಳ್ಬುಟ್ಟೆ."

"ನನ್ನ ಹೆಸ್ರು ಹಾಕಿ ಅಂತ ಯಾವತ್ತಾದ್ರೂ ಕೇಳಿದೀನಾ ಸಾರ್? ಅವ್ವನ್ನ ಮಾತ್ರ ಕೊಡಕ್ಕಾಗಲ್ಲ. ನಾಳೆ ಸನ್ಮಾನದಲ್ಲಿ ಒಂದು ಮಾತು ಹೇಳ್ಬುಡಿ."

"ಹೇಳ್ತೀನಿ" ಎಂದರು.

ಮರುದಿನ ಶಾಲು ಹೊದ್ದು ಮೈಕಿನ ಮುಂದೆ ನಿಂತ ವೃಷಭೇಂದ್ರಪ್ಪನವರಿಗೆ ಕೊನೆಯ ಸಾಲಿನ ಕುಸುಮ ಕಂಡಳು. "ನಮ್ಮ ಸ್ಟುಡಿಯೊ ಹೆಣ್ಣುಮಕ್ಕಳೂ ಬಣ್ಣ ಅರೆದು ಸಹಾಯ ಮಾಡಿದ್ದಾರೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ತಾನೂ ತಟ್ಟುತ್ತಿದ್ದೇನೆ ಎಂದು ಕುಸುಮಳಿಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಅವರ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

ಅವಳು ಕೆಲಸಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ಅವರೇ ಇಲವಾಲಕ್ಕೆ ಬಂದರು. ಕೊಟ್ಟ ಕಾಫಿ ಲೋಟ ಅವರ ಕೈಯಲ್ಲಿ ನಿಲ್ಲಲಿಲ್ಲ. ಅವರು ಕುಡಿದು ಮುಗಿಸುವವರೆಗೆ ಕುಸುಮ ಲೋಟ ಹಿಡಿದುಕೊಂಡಳು.

"ಬಾಮ್ಮ. ನೀನಿಲ್ದೆ ಒಂದು ಮುಖಾನೂ ಆಗಲ್ಲ."

"ಆ ಚಿತ್ರ ಎಲ್ಲೈತೆ ಸಾರ್?"

"ದೆಹಲಿಗೆ ಹೋಯ್ತು."

"ನಾನು ಬರಲ್ಲ ಸಾರ್" ಎಂದಳು, ತಲೆ ತಗ್ಗಿಸಿ.

ಮುಂದಿನ ತಿಂಗಳು ಚಾಮರಾಜಪುರಂನಲ್ಲಿ ಅಂಗಡಿ ಬೋರ್ಡು ಬರೆಯುವವರ ಹತ್ತಿರ ಸೇರಿಕೊಂಡಳು. ಅಲ್ಲಿ ಬರೀ ಅಕ್ಷರ. ಭಾನುವಾರ ಮನೆಯಲ್ಲಿ ಅವ್ವನನ್ನು ಬರೆಯಲು ಕೂರುತ್ತಿದ್ದಳು. ಎಷ್ಟು ಸಲ ಕೂತರೂ ಅವ್ವನ ಬದಲು ದೆಹಲಿಗೆ ಹೋದ ಚಿತ್ರದ ಹೆಂಗಸೇ ಕಾಗದದ ಮೇಲೆ ಬರುತ್ತಿದ್ದಳು. ಅವಳನ್ನು ಹರಿದುಹಾಕಲು ಕುಸುಮಳಿಗೆ ಮನಸ್ಸಾಗುತ್ತಿರಲಿಲ್ಲ.