ಪಟೇಲರ ನೆಲಮಾಳಿಗೆಗೆ ನೀರು ಬಂದದ್ದು

ಊರಿಗೆ ಊರೇ ಕೆರೆ ತುಂಬಲಿ ಎಂದು ಕೈಮುಗಿಯುತ್ತಿದ್ದ ಆ ಐವತ್ತೆಂಟನೇ ಇಸವಿಯಲ್ಲಿ, ತುಂಬದಿರಲಿ ತಾಯಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದವರು ಒಬ್ಬರೇ ಒಬ್ಬರು. ಅವರು ಆ ಊರಿನ ಪಟೇಲರೇ ಆಗಿದ್ದರು.

ಪಟೇಲ್ ಮುನಿಶಾಮಪ್ಪನವರದು ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯ ಹಳ್ಳಿ. ಮೂರು ವರ್ಷದ ಹಿಂದೆ ಬೆಂಗಳೂರು ದಂಡಿನಲ್ಲಿ ಯಾರದೋ ಹಳೇ ಬಂಗಲೆ ಹರಾಜಿಗೆ ಬಂದಾಗ, ಕೊಳ್ಳಲು ಅಲ್ಲ, ಸುಮ್ಮನೆ ನೋಡಲು ಹೋಗಿದ್ದರು. ಅಲ್ಲೊಂದು ನೆಲಮಾಳಿಗೆ ಕಂಡಿತು. ಕಂಡಿದ್ದೇ ತಡ, ತಮಗೂ ಒಂದು ಬೇಕೆನಿಸಿತು. ಪರ್ಮಿಟ್ಟಿಗಾಗಿ ಆಫೀಸು ಆಫೀಸು ಅಲೆದು ಸಿಮೆಂಟು ತಂದರು. ಕೆರೆ ಏರಿಯ ಕೆಳಗಿದ್ದ ಜಾಗದಲ್ಲಿ ಮನೆ ಎದ್ದಿತು, ಮನೆಯಡಿಯಲ್ಲಿ ನೆಲಮಾಳಿಗೆ ಇಳಿಯಿತು. ಆಗ ಕೆರೆ ಒಣಗಿ ದನ ಮೇಯುತ್ತಿದ್ದವು. ಬತ್ತಿದ ಕೆರೆ ಒಂದು ದಿನ ತುಂಬುತ್ತದೆ ಎಂಬುದು ಕಂದಾಯ ವಸೂಲಿ ಮಾಡುವ ಪಟೇಲರಿಗೆ ಹೊಳೆಯದಿದ್ದದ್ದು ಹೇಗೋ, ಆ ದೇವರೇ ಹೇಳಬೇಕು.

ತಮ್ಮ ಪಾಡಿಗೆ ತಾವಿದ್ದಿದ್ದರೆ ಗೋಳು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಟೇಲರು ಅರಳೀಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದರು. ಊರಿನವರು ಅಜ್ಜ ಮುತ್ತಜ್ಜನ ಕಾಲದಿಂದಲೂ ದಿಬ್ಬದ ಮೇಲೆ ನೆಲದಲ್ಲಿ ಹಗೇವು ತೋಡಿ ರಾಗಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಿದ್ದರು. "ಇನ್ನೂ ಎಷ್ಟು ಕಾಲ ಇಲಿ ಹೆಗ್ಗಣದಂಗೆ ಮಣ್ಣು ಕೆರೀತೀರ್ರೋ? ನಮ್ಮನೇಗೆ ತನ್ನಿ. ಸಿಮೆಂಟ್ ಗೋಡೆ. ಒಂದು ತೊಟ್ಟು ನೀರು ಬಂದ್ರೆ ನನ್ನ ಪಟೇಲ ಅನ್ಬ್ಯಾಡಿ!" ಎಂದರು. ಹನ್ನೆರಡು ಮನೆಯವರು ತಲೆಯಾಡಿಸಿ, ಸಂಕ್ರಾಂತಿ ಕಳೆಯುತ್ತಲೇ ಮೂಟೆ ಹೊತ್ತು ತಂದರು. "ಅಯ್ಯಪ್ಪಾ, ಸೊಂಟ ಹೋಯ್ತು" ಎಂದು ನರಳುತ್ತ ಇಳಿಸಿದರು. ಪಟೇಲರು ತಮ್ಮ ಮನೆಯ ಏಳು ಮೂಟೆಯನ್ನೂ ಅಲ್ಲೇ ಇಡಿಸಿ, ಮೆಟ್ಟಿಲ ಮೇಲೆ ನಿಂತು ಮೀಸೆ ತೀಡಿಕೊಂಡರು.

ಮಹಾನವಮಿಗೆ ಮುಂಚೆ ಮಳೆ ಹಿಡಿಯಿತು. ಕೆರೆ ಅರ್ಧ ತುಂಬಿದಾಗ ಗೋಡೆಯಲ್ಲಿ ದೋಸೆಯಗಲದ ತೇವ ಕಾಣಿಸಿತು. ಮುಕ್ಕಾಲು ತುಂಬುವ ಹೊತ್ತಿಗೆ ಅದು ಬೆವರಿ, ಹನಿಕಟ್ಟಿ, ಇಳಿಯತೊಡಗಿತು. ಪಟೇಲರು ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಹೆಂಡತಿ ಗೋಪಾಲಮ್ಮನಿಗೂ ಬಾಯಿ ಬಿಡಲಿಲ್ಲ. ಊರಿನ ಮೇಸ್ತ್ರಿಯನ್ನು ಕರೆದರೆ ಸುದ್ದಿ ಹಬ್ಬುತ್ತದೆಂದು, ಹೆಬ್ಬಾಳದಿಂದ ವಾಜಿದ್ ಮೇಸ್ತ್ರಿಯನ್ನು ಗುಟ್ಟಾಗಿ ಕರೆಸಿದರು.

ವಾಜಿದ್ ಒಳಗಿನಿಂದ ಗಾರೆ ಮೆತ್ತಿದ. ನೀರು ಒಂದು ಮೊಳ ಪಕ್ಕಕ್ಕೆ ಬಂತು. ಅಲ್ಲೂ ಮೆತ್ತಿದ. ಮೂಲೆಯಲ್ಲಿ ಬಂತು. ಡಾಂಬರು ಬಳಿದ, ಡಾಂಬರೂ ಹಪ್ಪಳದಂತೆ ಎದ್ದು ಬಂತು. ಎಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು.

"ಪಟೇಲ್ರೇ," ಎಂದ ವಾಜಿದ್ ಕರಣೆ ಒರೆಸಿಕೊಳ್ಳುತ್ತ, "ನೀರಿರೋದು ಗೋಡೇಲಲ್ಲ, ಗೋಡೆ ಹಿಂದೆ. ಅಷ್ಟು ದೊಡ್ಡ ಕೆರೇನ ನಾನು ಈ ಕರಣೇಲಿ ಎಲ್ಲಿಗೆ ತಳ್ಳಲಿ? ಹೊರಗಡೆ ಗೋಡೆ ಉದ್ದಕ್ಕೂ ಚರಂಡಿ ತೋಡ್ಬೇಕು."

"ಹೊರಗಡೆ ತೋಡಿದ್ರೆ ಊರು ನೋಡಲ್ವೇನಯ್ಯಾ?"

"ನೋಡುತ್ತೆ."

"ಹಂಗಾದ್ರೆ ಬ್ಯಾಡ."

ಅಂದಿನಿಂದ ಪಟೇಲರು ಗಂಗಮ್ಮನೊಂದಿಗೆ ಚೌಕಾಸಿಗಿಳಿದರು. ಮುಕ್ಕಾಲು ಸಾಕು ತಾಯಿ, ಗದ್ದೆಗೂ ಆಯಿತು, ನನಗೂ ಆಯಿತು ಎಂದರು. ಹೇಳಿದ ಮರುಕ್ಷಣವೇ ನಾಚಿಕೆಯಾಗಿ ಕೆನ್ನೆ ಬಡಿದುಕೊಂಡರು. ಹನ್ನೆರಡು ಮನೆಯ ಮಕ್ಕಳ ಮುದ್ದೆ ತಮ್ಮ ಮನೆಯಡಿ ನೆನೆಯುತ್ತಿದೆ ಎಂಬ ಸಂಕಟಕ್ಕೆ ಅವರಿಗೆ ತಮ್ಮ ತಟ್ಟೆಯ ಮುದ್ದೆಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಗಮ್ಮ ಮಾತ್ರ ಚೌಕಾಸಿಗೆ ಒಪ್ಪಲಿಲ್ಲ. ಕೆರೆ ಕೋಡಿ ಹರಿಯಿತು.

ಕೆರೆ ತುಂಬಿದರೆ ಪಟೇಲ ದಂಪತಿ ಮೊರದ ಬಾಗಿನ ಬಿಟ್ಟು, "ತುಂಬಿ ಬಾರಮ್ಮ" ಎಂದು ಮೂರು ಸಲ ಕೂಗಬೇಕು, ಅದು ಊರಿನ ಪದ್ಧತಿ. ಶುಕ್ರವಾರ ಬೆಳಿಗ್ಗೆ ಜನರೆಲ್ಲ ಏರಿಯ ಮೇಲೆ ಸೇರಿದರು. ಮನೆ ಖಾಲಿಯಾದದ್ದೇ ಸಮಯವೆಂದು ಪಟೇಲರು ಕಚ್ಚೆ ಕಟ್ಟಿ ನೆಲಮಾಳಿಗೆಗೆ ಇಳಿದರು. ಕಾಲಿನ ಗಂಟಿನವರೆಗೆ ನೀರು. ಒಂದೊಂದೇ ಮೂಟೆಯನ್ನಾದರೂ ಮೇಲೆ ಸಾಗಿಸೋಣವೆಂದು, ಹುಟ್ಟಿದಾಗಿನಿಂದ ಮೂಟೆ ಹೊರದ ಆ ಮನುಷ್ಯ, ಮೇಲಿನ ಸಾಲಿನಲ್ಲಿದ್ದ ಪಕ್ಕದ ಮನೆ ಪಿಳ್ಳಪ್ಪನ ಮೂಟೆಯನ್ನು ತಬ್ಬಿ, ಉಸಿರು ಬಿಗಿಹಿಡಿದು, ಇದ್ದಬದ್ದ ಬಲವೆಲ್ಲ ಹಾಕಿ ಎತ್ತಿದರು.

ಮೂಟೆ ದಿಂಬಿನಂತೆ ಹಾರಿ ಬಂತು. ಪಟೇಲರು ಅಂಗಾತ ನೀರಿಗೆ ಬಿದ್ದರು.

ಎದ್ದು ಮೂಟೆಯ ಬಾಯಿ ಬಿಚ್ಚಿ ನೋಡಿದರೆ ಮೇಲೆ ಒಂದು ಗೇಣು ರಾಗಿ, ನಡುವೆ ಗೋಣಿಚೂರು, ಕೆಳಗೆಲ್ಲ ಹೊಟ್ಟು! ಇನ್ನೊಂದು ಬಿಚ್ಚಿದರು. ಹೊಟ್ಟು. ಮತ್ತೊಂದು. ಅದೂ ಹೊಟ್ಟು. ಏರಿಯ ಕಡೆಯಿಂದ ತಮಟೆ ಕೇಳಿಸಿತು. ಪಟೇಲರು ಹಿಡಿ ತುಂಬ ಹೊಟ್ಟು ಹಿಡಿದು ಓಡಿದರು.

"ಏನ್ಲಾ ಪಿಳ್ಳಪ್ಪ ಇದು? ಪಟೇಲನಿಗೇ ಹೊಟ್ಟು ಕೊಟ್ಟಿದ್ದೀಯಾ? ಇದೇನಾ ನಿನ್ನ ರಾಗಿ?"

ತಮಟೆ ನಿಂತಿತು. ಪಿಳ್ಳಪ್ಪ ಅವರ ಒದ್ದೆ ಪಂಚೆಯನ್ನೂ ಜುಟ್ಟಿಗಂಟಿದ ಹೊಟ್ಟನ್ನೂ ನೋಡಿ, ಬಲು ವಿನಯದಿಂದ ಕೇಳಿದ: "ಅಲ್ಲಾ ಪಟೇಲ್ರೇ, ಇವತ್ತು ನೀವ್ಯಾಕೆ ಮೂಟೆ ಬಿಚ್ಚುದ್ರಿ?"

ಹೊಟ್ಟಿನ ಮಾತೆತ್ತಬೇಕಾದರೆ ನೀರಿನ ಮಾತೆತ್ತಬೇಕು. ಕುಂಬಳಕಾಯಿ ಕಳ್ಳನಂತೆ ಅವರೇ ಹೆಗಲು ಮುಟ್ಟಿಕೊಂಡಿದ್ದರು. ಕೊನೆಗೆ ತಲೆ ತಗ್ಗಿಸಿ, "ನೀರು ಬಂದದೆ ಕಣಯ್ಯಾ. ಒಂದು ತಿಂಗಳಾಯ್ತು. ನಿಮ್ಮ ರಾಗಿ ಕೊಳೆಸಿಬಿಟ್ಟೆ ಅಂತ ನಿದ್ದೆ ಮಾಡಿಲ್ಲ" ಎಂದರು.

"ನಮ್ಮ ರಾಗಿ ದಿಬ್ಬದ ಹಗೇವಿನಾಗೆ ಬೆಚ್ಚಗದೆ," ಎಂದ ಪಿಳ್ಳಪ್ಪ. "ಕೆರೆ ಮಗ್ಗುಲಾಗೆ ರಾಗಿ ಇಡಾದುಂಟಾ? ಆದ್ರೂ ಪಟೇಲ್ರು ಬಾಯಿಬಿಟ್ಟು ಕೇಳವ್ರೆ, ಇಲ್ಲ ಅಂತ ಎಂಗನ್ನಾದು? ಅದಕ್ಕೇ ಒಸಿ ನರಳಿಕೊಂಡು ತಂದಿಟ್ವಿ."

ಏರಿಯೆಲ್ಲ ನಕ್ಕಿತು. ಹಗುರಾಗಿ ಪಟೇಲರೂ ನಗಲು ಬಾಯಿ ತೆರೆದರು. ಅರ್ಧಕ್ಕೆ ನಿಂತಿತು. "ಅಯ್ಯೋ! ನಮ್ಮ ಏಳು ಮೂಟೆ!" ಎಂದು ಮನೆಯತ್ತ ತಿರುಗಿದರು.

ಬಾಗಿನದ ಮೊರ ಹಿಡಿದಿದ್ದ ಗೋಪಾಲಮ್ಮ ಇನ್ನೊಂದು ಕೈಯಲ್ಲಿ ಅವರ ಪಂಚೆ ಹಿಡಿದೆಳೆದಳು. "ಎಲ್ಲೋಗ್ತೀರಾ? ಸುಮ್ಕೆ ನಿಂತ್ಕಳಿ."

"ರಾಗಿ ಕಣೇ!"

"ಯಾವ ರಾಗಿ? ಅದೂ ಬರೀ ಹೊಟ್ಟು. ನಮ್ಮ ರಾಗಿ ಮಾಕಳೀಲಿ ನಮ್ಮಪ್ಪನ ಹಗೇವಿನಾಗದೆ."

"ನಿಮ್ಮಪ್ಪನಿಗೂ ಗೊತ್ತಾ?"

"ಹೊಟ್ಟು ಕಳ್ಸಿದ್ದೇ ಅವ್ರು."

ಪಟೇಲರು ಹೆಂಡತಿಯ ಮುಖ ನೋಡಿದರು, ಊರಿನ ಮುಖ ನೋಡಿದರು. ತಮ್ಮ ಮಾತನ್ನು ಒಬ್ಬರೂ ನಂಬಿರಲಿಲ್ಲ ಎಂದು ಎದೆ ಚುರುಕ್ಕೆಂದಿತು. ಆದರೂ ಇಡೀ ಊರು ತಮ್ಮ ಮನಸ್ಸು ನೋಯಬಾರದೆಂದು ಹೊಟ್ಟು ಹೊತ್ತು ನರಳಿತ್ತಲ್ಲ ಎಂದು ಕಣ್ಣು ತುಂಬಿತು. ಮೊರದ ಇನ್ನೊಂದು ಅಂಚಿಗೆ ಕೈ ಹಚ್ಚಿ, ನೀರಿಗೆ ಬಿಟ್ಟು, ಗಂಟಲು ಹರಿಯುವಂತೆ ಕೂಗಿದರು: "ತುಂಬಿ ಬಾರಮ್ಮಾ!"

ಮೂರು ಸಲ ಸಾಕಿತ್ತು. ಅವರು ಐದು ಸಲ ಕೂಗಿದರು.