ಮೂರನೆಯ ಪ್ರಶ್ನೆ

ನನ್ನ ಅಣ್ಣ ನಾಲ್ಕು ಸಲ ಸಂಸತ್ತಿಗೆ ಗೆದ್ದವನು. ಗೆದ್ದು ಏನು ಕಡಿದು ಕಟ್ಟೆ ಹಾಕಿದ ಎಂದು ನನ್ನನ್ನು ಕೇಳಬೇಡಿ. ಕೊನೆಯ ಸಾಲಿನಲ್ಲಿ ಕೂತು, ಪಕ್ಷ ಕೈ ಎತ್ತು ಎಂದಾಗ ಎತ್ತಿದ, ಇಳಿಸು ಎಂದಾಗ ಇಳಿಸಿದ. ಊರಿನಲ್ಲಿ ಅವನ ಕಚೇರಿ ನೋಡಿಕೊಳ್ಳುವವಳು ನಾನು, ಜನರ ಬೈಗುಳ ತಿನ್ನುವವಳೂ ನಾನೇ.

ಬೈಗುಳವೆಲ್ಲ ರೈಲು ಹಳಿಗೆ ಇನ್ನೂ ಕಟ್ಟದ ಮೇಲ್ಸೇತುವೆಗಾಗಿ. ಹಳಿಯ ಈಚೆ ಮನೆಗಳು, ಆಚೆ ಶಾಲೆ. ನಿಂತ ಗೂಡ್ಸ್ ಗಾಡಿಯ ಅಡಿ ನುಸುಳುವಾಗ ಗಾಡಿ ಹೊರಟು, ನನ್ನ ಮಗಳು ಎಡಗಾಲು ಕಳೆದುಕೊಂಡು ಆರು ವರ್ಷವಾಯಿತು. ಅಣ್ಣ ಬರೆದ ಪತ್ರಗಳೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾದವು. ಉತ್ತರ ಒಂದೇ: "ಪರಿಶೀಲನೆಯಲ್ಲಿದೆ."

ಸದನದಲ್ಲಿ ಕೇಳಿದರೆ ಮಂತ್ರಿ ಎದ್ದು ನಿಂತು ಎಲ್ಲರೆದುರು ಉತ್ತರಿಸಬೇಕು, ಸುಲಭವಾಗಿ ಜಾರಿಕೊಳ್ಳಲಾಗದು. ಆದರೆ ಯಾರ ಪ್ರಶ್ನೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆರು ವರ್ಷ ಬಾರದ ಅಣ್ಣನ ಚೀಟಿ ಈ ಸಲ ಬಂತು. ಅವನ ಅವಧಿಯ ಕಟ್ಟಕಡೆಯ ದಿನ, ಮೂರನೆಯ ಪ್ರಶ್ನೆ. ಮಂತ್ರಿ ನುಣುಚಿಕೊಂಡರೆ ಮರುಪ್ರಶ್ನೆ ಏನೆಂದು ನಾನೇ ಹಾಳೆಯಲ್ಲಿ ಬರೆದುಕೊಟ್ಟೆ: "ಯಾವ ತಿಂಗಳು ಕೆಲಸ ಶುರು?" ಇಪ್ಪತ್ತು ಸಲ ಬಾಯಿಪಾಠ ಮಾಡಿಸಿ, ಮಗಳೊಂದಿಗೆ ಗ್ಯಾಲರಿಯಲ್ಲಿ ಕೂತೆ.

ಮೊದಲನೆಯ ಪ್ರಶ್ನೆ ಮುಗಿಯಿತು. ಎರಡನೆಯದು ನಡೆದಿರುವಾಗಲೇ ಅಣ್ಣನ ಪಕ್ಷದ ಮುಖಂಡ ಸಿಡುಕಿ ಎದ್ದ. ಅವನ ಹಿಂದೆ ಪಕ್ಷವೆಲ್ಲ ಎದ್ದು ಘೋಷಣೆ ಕೂಗಿತು. ಕೊನೆಯ ಸಾಲಿನಲ್ಲಿ ನನ್ನಣ್ಣನೂ ಎದ್ದ. ಒಂದು ಕೈಯಲ್ಲಿ ನಾನು ಕೊಟ್ಟ ಹಾಳೆ, ಇನ್ನೊಂದು ಕೈ ಮೇಲೆ. ಸದನದಲ್ಲಿ ಅವನ ದನಿ ನಾನು ಕೇಳಿದ್ದು ಅದೇ ಮೊದಲು. ಕೂತ್ಕೋ ಎಂದು ಕಿರುಚಬೇಕೆನಿಸಿತು, ಗ್ಯಾಲರಿಯಲ್ಲಿ ಉಸಿರೆತ್ತುವಂತಿಲ್ಲ. ಸಭಾಧ್ಯಕ್ಷರು ಎರಡು ಸಲ ಬೇಡಿಕೊಂಡು, ಅಧಿವೇಶನವನ್ನೇ ಮುಗಿಸಿ ಹೊರಟುಹೋದರು.

ಅಣ್ಣ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮೂರನೇದು ನಮ್ದು ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು ಕಣೇ. ಎಲ್ರೂ ಎದ್ರು, ನಾನೂ ಎದ್ದೆ. ಅಭ್ಯಾಸ."

ಕೇಳದೆ ಉಳಿದ ಪ್ರಶ್ನೆಗಳಿಗೆ ಅಚ್ಚಾದ ಉತ್ತರ ಕೊಡುತ್ತಾರೆ. ಅವನ ಜೇಬಿನಿಂದ ಅದನ್ನು ಕಿತ್ತು ಓದಿದೆ. "ಪರಿಶೀಲನೆಯಲ್ಲಿದೆ."

ಊರುಗೋಲು ಊರಿಕೊಂಡು ಬಂದ ಮಗಳು ಕೇಳಿದಳು, "ಮಾಮ, ಅಷ್ಟು ಜೋರಾಗಿ ಕೂಗಿದ್ರಲ್ಲ, ಏನು ವಿಷಯ?"

ಅಣ್ಣ ಅವಳ ಮುಖ ನೋಡಿದ, ನನ್ನ ಮುಖ ನೋಡಿದ.

"ನಮ್ಮ ಮುಖಂಡರನ್ನ ಕೇಳ್ಬೇಕು ಪುಟ್ಟಿ," ಅಂದ.